ಹನ್ನೊಂದು ತಿಂಗಳ ಡಯಟ್ ಪ್ಲಾನ್: ದುಡ್ಡು ಕಟ್ಟಿದ್ದು ಚಾರ್ಟಿಗೆ, ಕೆಲಸಕ್ಕೆ ಬಂದದ್ದು ಮೂರೂವರೆಯ ಡಬ್ಬ

ಕಳೆದ ವರ್ಷ ಜೂನ್ ಮೊದಲ ವಾರ ಶುರು ಮಾಡಿದ್ದು, ಈಗ ಹನ್ನೊಂದು ತಿಂಗಳಾಯಿತು. ಮಂಗಳೂರಿನ ಒಂದು ಡಯಟೀಷಿಯನ್ ಕ್ಲಿನಿಕ್ಕಿನ ಮೂರು ತಿಂಗಳ ಪ್ಲಾನ್. ಹೆಸರು ಹೇಳುವುದಿಲ್ಲ, ಮುಂದೆ ಸ್ವಲ್ಪ ಬೈಗುಳವೂ ಉಂಟು. ಫೀ 4,500 ರೂಪಾಯಿ. ಮೊದಲ ದಿನ ಮುಕ್ಕಾಲು ಗಂಟೆ ಮಾತು, ಒಂಬತ್ತು ಪುಟದ ಚಾರ್ಟು, ವಾರಕ್ಕೊಮ್ಮೆ ವಾಟ್ಸಾಪಿನಲ್ಲಿ ವಿಚಾರಣೆ. ಮೂರು ತಿಂಗಳು ಮುಗಿದ ಮೇಲೆ ಇನ್ನೊಮ್ಮೆ ಕಟ್ಟಿದೆ. ಆಮೇಲೆ ಎರಡು ತಿಂಗಳಿಗೊಮ್ಮೆ ಹೋಗಿ ತೂಕ ತೋರಿಸಿ ಬರುವುದು ಅಷ್ಟೇ.

ನನಗೆ 44. ಮನೆ ಸುರತ್ಕಲ್, ಕೆಲಸ ಕೊಡಿಯಾಲ್‌ಬೈಲಿನ ಆಡಿಟರ್ ಆಫೀಸಿನಲ್ಲಿ. ಬೆಳಿಗ್ಗೆ ಕೂತರೆ ಸಂಜೆ ಏಳುವುದು. ತೂಕ 86 ಕೆಜಿ ಇತ್ತು. ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, 6.1 ಬಂದಿತ್ತು. 5.7ರಿಂದ 6.4ರ ಒಳಗೆ ಬಂದರೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಗೇಟಿನ ಹತ್ತಿರ ಬಂದು ನಿಂತಿದೆ ಅಂತ ಅರ್ಥ. ಹಾಗಾಗಿ ಹೋದೆ.

ಪ್ಲಾನ್ ಕೆಟ್ಟದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಅನ್ನ, ಕಾಲು ಭಾಗ ಬೇಳೆ-ಕಾಳು, ಮೀನು, ಮೊಟ್ಟೆ ಇಷ್ಟರಲ್ಲಿ ಏನಾದರೂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಬಿಡುಗಡೆ ಮಾಡಿದ ಮಾರ್ಗಸೂಚಿಯಲ್ಲೂ ಹೆಚ್ಚುಕಡಿಮೆ ಇದೇ ಉಂಟು. ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇ. 45 ದಾಟಬಾರದು ಅನ್ನುತ್ತಾರೆ ಅವರು. ನಾನು ಮಧ್ಯಾಹ್ನ ಮೂರು ಸೌಟು ಕುಚ್ಚಲಕ್ಕಿ ಅನ್ನ ಉಣ್ಣುತ್ತಿದ್ದವ. ಪಲ್ಯ ಅಂದರೆ ಉಪ್ಪಿನಕಾಯಿಯ ಪಕ್ಕದಲ್ಲಿ ಒಂದು ಚಿಟಿಕೆ. ಲೆಕ್ಕ ಹಾಕಿದರೆ ಶೇ. 45 ಎಲ್ಲಿ, ನಾನೆಲ್ಲಿ!

ಒಂಬತ್ತು ಪುಟದಲ್ಲಿ ಎಲ್ಲೂ ಬರೆಯದ ಒಂದು ವಿಷಯ ಇತ್ತು. ಹಸಿವು.

ಮೊದಲ ಎರಡು ದಿನ ಉತ್ಸಾಹದಲ್ಲಿ ಕಳೆಯಿತು. ಮೂರನೇ ದಿನ, ಬುಧವಾರ, ಹೊರಗೆ ಧೋ ಅಂತ ಮಳೆ. ಸಂಜೆ 4.10ಕ್ಕೆ ಆಫೀಸಿನ ಹುಡುಗ ಹೋಟೆಲಿನಿಂದ ಗೋಳಿಬಜೆ ತಂದ. ಪೇಪರಿನ ಕಟ್ಟು, ತಳದಲ್ಲಿ ಎಣ್ಣೆ ಇಳಿದು ಅಕ್ಷರಗಳು ಆಚೆ ಬದಿಗೆ ಕಾಣುತ್ತಿದ್ದವು. ಬಿಚ್ಚಿದ ಕೂಡಲೇ ಹಸಿಮೆಣಸು, ಶುಂಠಿ, ಹುಳಿ ಮಜ್ಜಿಗೆಯ ಆ ವಾಸನೆ. ನಾನು ಪರದೆಯಲ್ಲಿ ಒಂದೇ ಜಿಎಸ್‌ಟಿ ಸಾಲನ್ನು ನಾಲ್ಕು ಸಲ ಓದಿದೆ. ಕೈ ನಡುಗಲಿಲ್ಲ, ತಲೆ ಸುತ್ತಲಿಲ್ಲ. ಆದರೆ ಹೊಟ್ಟೆಯೊಳಗೆ ಯಾರೋ ಕೂತು ಬಾಗಿಲು ತಟ್ಟಿದ ಹಾಗೆ. "ಎಂತ ಮಾರಾಯ, ಒಂದು ತಿಂದರೆ ಸಾಯ್ತೀಯಾ?" ಅಂದರು ಪಕ್ಕದ ಮೇಜಿನವರು. ಒಂದು ತಿಂದೆ. ಆಮೇಲೆ ಮೂರು ತಿಂದೆ. ಚಟ್ನಿ ಸಮೇತ.

ಅದೇ ದಿನ ತಲೆನೋವೂ ಶುರುವಾಗಿತ್ತು. ಅದು ಹಸಿವಿನಿಂದ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ದಿನಕ್ಕೆ ಐದು ಚಾ ಕುಡಿಯುವವ ಒಮ್ಮೆಲೇ ಒಂದಕ್ಕೆ ಇಳಿಸಿದ್ದೆ. ಕೆಫೀನು ಸಿಗದಿದ್ದರೆ ತಲೆ ನೋಯುತ್ತದೆ, ಕೆಲವು ದಿನ ಇರುತ್ತದೆ. ಅದನ್ನೂ ಚಾರ್ಟು ಹೇಳಿರಲಿಲ್ಲ. ಈಗ ಯಾರಾದರೂ ಕೇಳಿದರೆ, ಊಟ ಮತ್ತು ಚಾ ಎರಡನ್ನೂ ಒಂದೇ ವಾರದಲ್ಲಿ ಮುಟ್ಟಬೇಡಿ ಅನ್ನುತ್ತೇನೆ.

ಮನೆಯಲ್ಲಿ ಇನ್ನೊಂದು ರಗಳೆ. ಅಮ್ಮ ನನ್ನ ತಟ್ಟೆ ನೋಡಿ ಹೆಂಡತಿಯನ್ನು ತರಾಟೆಗೆ ತಗೊಂಡರು. "ಒಂದು ಸೌಟು ಬಡಿಸ್ತೀಯಲ್ಲ, ದುಡಿಯುವ ಗಂಡಸು ಬದುಕುವುದು ಹೇಗೆ?" ಅವಳು ಚಾರ್ಟು ತೋರಿಸಿದಳು. ಎರಡನೇ ಪುಟದ ಮೇಲೆ ಬೇರೆ ಯಾರದೋ ಹೆಸರಿತ್ತು! 58 ವರ್ಷದ ಒಬ್ಬ ಹೆಂಗಸಿನ ಚಾರ್ಟಿಗೆ ನನ್ನ ತೂಕ ಹಾಕಿ ಪ್ರಿಂಟ್ ಕೊಟ್ಟಿದ್ದರು ಅಂತ ಕಾಣುತ್ತದೆ. ಹೋಗಿ ಕೇಳಿದೆ. "ಸಾರಿ ಸರ್, ಟೈಪಿಂಗ್ ತಪ್ಪು" ಅಂದರು. ಹೊಸದು ಕೊಟ್ಟರು, ಅದರಲ್ಲೂ ಓಟ್ಸ್, ಪನೀರ್, ಬ್ರಾಕೊಲಿ. ಸುರತ್ಕಲ್ ಸಂತೆಯಲ್ಲಿ ಬಸಳೆ, ಅಲಸಂಡೆ, ಹೀರೆ ರಾಶಿ ಬಿದ್ದಿರುವಾಗ ಬ್ರಾಕೊಲಿ ಯಾಕೆ ಅಂತ ಈಗಲೂ ನನಗೆ ತಿಳಿದಿಲ್ಲ.

ಮೀನಿನ ಕತೆಯೂ ಹಾಗೆಯೇ. ವಾರಕ್ಕೆ ಮೂರು ದಿನ ಮೀನು ಅಂತ ಬರೆದಿದ್ದರು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ನಾಡದೋಣಿಯವರು ತಂದ ನಾಲ್ಕು ಬಂಗುಡೆಗೆ ರೇಟು ಕೇಳಿದರೇ ಹಸಿವು ಹೋಗುತ್ತದೆ. ಒಣಮೀನು ಉಂಟಲ್ಲ ಅಂದರೆ ಅದರಲ್ಲಿ ಉಪ್ಪು ಜಾಸ್ತಿ. ಊರಿನ ಕ್ಲಿನಿಕ್ಕಿಗೆ ಇದು ಗೊತ್ತಿರಬೇಕಲ್ವಾ?

ಹಸಿವಿನ ಬಗ್ಗೆ ವಾಟ್ಸಾಪಿನಲ್ಲಿ ಬರೆದೆ. ಉತ್ತರ ಬಂದದ್ದು ಎರಡು ದಿನ ಬಿಟ್ಟು: "ನೀರು ಕುಡಿಯಿರಿ." ನೀರು ಕುಡಿದು ಸಾಕಾಗಿತ್ತು ನನಗೆ. ಅಷ್ಟರಲ್ಲಿ ಪ್ಲಾನ್ ಬಿಟ್ಟೇ ಬಿಡುವ ಮನಸ್ಸಾಗಿತ್ತು.

ಉಳಿಸಿದ್ದು ಅಲ್ಲಿನ ಸಹಾಯಕಿ ಹುಡುಗಿ. ಕುಂದಾಪುರ ಕಡೆಯವಳು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಫೋನ್ ಮಾಡಿ ಕೇಳಿದಳು, "ಹಸಿವು ಎಷ್ಟು ಗಂಟೆಗೆ ಬರ್ತದೆ ಸರ್?" ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾಲ್ಕಕ್ಕೆ ಅಂದೆ. "ಹಾಗಾದ್ರೆ ನಾಲ್ಕರ ತನಕ ಕಾಯಬೇಡಿ, ಮೂರೂವರೆಗೇ ತಿನ್ನಿ. ಮಧ್ಯಾಹ್ನದ ಕಾಳಿನಲ್ಲಿ ಸ್ವಲ್ಪ ಎತ್ತಿಟ್ಕೊಳ್ಳಿ." ಅಷ್ಟೇ.

ಇದರ ಹಿಂದಿನ ಕಾರಣವನ್ನೂ ಅವಳೇ ಹೇಳಿದ್ದು. ಹೊಟ್ಟೆಯಿಂದ ಗ್ರೆಲಿನ್ ಅನ್ನುವ, ಹಸಿವು ಹುಟ್ಟಿಸುವ ಹಾರ್ಮೋನು ಹೊರಡುತ್ತದಂತೆ. ನಾವು ದಿನಾ ತಿನ್ನುವ ಹೊತ್ತಿಗೆ ಅದು ಏರುತ್ತದೆ, ತಿನ್ನದಿದ್ದರೂ ಸ್ವಲ್ಪ ಹೊತ್ತಿನಲ್ಲಿ ತಾನೇ ಇಳಿಯುತ್ತದೆ. ನನ್ನ ಹೊಟ್ಟೆ ಹದಿನೈದು ವರ್ಷದಿಂದ ನಾಲ್ಕಕ್ಕೆ ಗೋಳಿಬಜೆ ಕಂಡಿದೆ. ಅದು ನಾಲ್ಕಕ್ಕೆ ಕರೆಯದೆ ಇನ್ನೇನು ಮಾಡೀತು! ಒಂದು ದಿನ ಸುಮ್ನೆ ಗಡಿಯಾರ ನೋಡಿದೆ. 4.10ಕ್ಕೆ ಜೋರು, 4.45ಕ್ಕೆ ಹೆಚ್ಚುಕಡಿಮೆ ಮಾಯ.

ಅಲ್ಲಿಂದ ಶುರುವಾದದ್ದು ಸ್ಟೀಲ್ ಡಬ್ಬ. ಅಂಗೈಯಷ್ಟು ಅಗಲ. ಬೇಯಿಸಿದ ಕಡ್ಲೆಗೆ ಸಾಸಿವೆ, ಒಣಮೆಣಸು, ಬೇವಿನ ಒಗ್ಗರಣೆ, ಮೇಲೆ ಒಂದು ಚಮಚ ತೆಂಗಿನತುರಿ. ಕೆಲವು ದಿನ ಹೆಸರುಕಾಳು. ಕೆಲವು ದಿನ ಒಂದು ಮೊಟ್ಟೆ, ಒಂದು ಹಿಡಿ ನೆಲಗಡಲೆ. ಕಾಳಿನಲ್ಲಿ ಪ್ರೋಟೀನು, ನಾರು ಎರಡೂ ಇರುವುದರಿಂದ ಬೇಗ ಕರಗುವುದಿಲ್ಲ. ಮೂರೂವರೆಗೆ ತಿಂದರೆ ಏಳೂಮುಕ್ಕಾಲರ ಊಟದ ತನಕ ಚಿಂತೆ ಇಲ್ಲ. ಗೋಳಿಬಜೆ ಬಂದರೆ ಈಗ ಒಂದು ತಿನ್ನುತ್ತೇನೆ, ಒಂದಕ್ಕೇ ನಿಲ್ಲುತ್ತದೆ. ಹೊಟ್ಟೆ ಖಾಲಿ ಇದ್ದಾಗ ಒಂದು ಅನ್ನುವ ಲೆಕ್ಕ ಇರುವುದಿಲ್ಲ.

ಬೆಳಗಿನ ತಿಂಡಿಯನ್ನು ನಾವೇ ತಿದ್ದಿಕೊಂಡೆವು. ಆರು ನೀರುದೋಸೆ, ಕಾಯಿಬೆಲ್ಲ ತಿಂದರೆ ಹತ್ತೂವರೆಗೆ ಮತ್ತೆ ಹಸಿವು, ಯಾಕೆಂದರೆ ಅದರಲ್ಲಿ ಅಕ್ಕಿ ಮತ್ತು ನೀರು ಬಿಟ್ಟರೆ ಬೇರೇನಿಲ್ಲ. ಈಗ ಮೂರು ನೀರುದೋಸೆ, ಜೊತೆಗೆ ಒಂದು ಬಟ್ಟಲು ಕಡ್ಲೆ ಗಸಿ. ಮಧ್ಯಾಹ್ನದ ತನಕ ಹೊಟ್ಟೆ ಸುದ್ದಿ ತೆಗೆಯುವುದಿಲ್ಲ. ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಬನ್ಸ್ ಭಾನುವಾರ ಮಾತ್ರ. ಅದನ್ನು ಪೂರ್ತಿ ಬಿಡಿ ಅಂದಿದ್ದರೆ ನಾನು ಕ್ಲಿನಿಕ್ಕನ್ನೇ ಬಿಡುತ್ತಿದ್ದೆ.

ಒಂದು ತಪ್ಪು ನನ್ನದೇ. ಕಾಳು ಒಳ್ಳೆಯದು ಅಂತ ಎರಡನೇ ವಾರ ಹುರುಳಿ ಸಾರು, ಕಡ್ಲೆ, ಅಲಸಂಡೆ ಬೀಜ ಎಲ್ಲ ಒಟ್ಟಿಗೆ ಶುರು ಮಾಡಿದೆ. ನಾರು ನಿಧಾನಕ್ಕೆ ಏರಿಸಬೇಕು. ನಮ್ಮದು ಕಿಟಕಿ ಮುಚ್ಚಿದ ಏಸಿ ಆಫೀಸು. ಹೆಚ್ಚು ವಿವರಿಸುವುದಿಲ್ಲ.

ಹದಿನೈದು ದಿನ ಕಳೆದ ಮೇಲೆ ಹಸಿವಿನ ಜೋರು ಇಳಿಯಿತು. ಆದರೆ ಸೆಪ್ಟೆಂಬರಿನಲ್ಲಿ ತಿರುಗಿ ಬಂತು. 30ನೇ ತಾರೀಕಿನೊಳಗೆ ಟ್ಯಾಕ್ಸ್ ಆಡಿಟ್ ಮುಗಿಸಬೇಕು, ರಾತ್ರಿ ಒಂದರವರೆಗೆ ಕೆಲಸ, ಐದು ಗಂಟೆ ನಿದ್ದೆ. ಅದೇ ಊಟ, ಅದೇ ಡಬ್ಬ, ಆದರೂ ದಿನವಿಡೀ ಸಿಹಿ ತಿನ್ನಬೇಕು ಅಂತ ಅನಿಸುತ್ತಿತ್ತು. ನಿದ್ದೆ ಕಡಿಮೆಯಾದರೆ ಹಸಿವು ಏರುತ್ತದೆ ಅನ್ನುವುದನ್ನು ಮೈಯೇ ಕಲಿಸಿತು. ಎರಡು ಕೆಜಿ ವಾಪಸ್ ಬಂತು. ಹೋಗಲು ಡಿಸೆಂಬರ್ ಆಯಿತು.

ಇನ್ನೊಂದು ವಿಷಯ ಹೇಳದೆ ಇರಲಾರೆ. ನನ್ನ ಚಾರ್ಟನ್ನು ಮಾವ ಜೆರಾಕ್ಸ್ ಮಾಡಿಸಿಕೊಂಡರು. ಅವರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುತ್ತಾರೆ. ಅನ್ನ ಅರ್ಧ ಮಾಡಿದರು, ಮಾತ್ರೆ ಹಾಗೆಯೇ. ನಾಲ್ಕನೇ ದಿನ ಹನ್ನೊಂದು ಗಂಟೆಗೆ ಬೆವರು, ಕೈ ನಡುಕ, "ಹಸಿವು ಹಸಿವು" ಅಂತ ಗೋಡೆ ಹಿಡಿದು ಕೂತರು. ಅತ್ತೆ ಮೀಟರ್ ಹಿಡಿದಾಗ ರಕ್ತದ ಸಕ್ಕರೆ 61. 70ಕ್ಕಿಂತ ಕೆಳಗೆ ಇಳಿದರೆ ಅದನ್ನು ಹಸಿವು ಅಂತ ತಡೆದುಕೊಂಡು ಕೂರುವ ಹಾಗಿಲ್ಲ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದರು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದರು, ಸರಿಯಾಯಿತು. ಅವರ ಡಾಕ್ಟರು ಮಾತ್ರೆಯ ಪ್ರಮಾಣ ಇಳಿಸಿದರು. ಮಾತ್ರೆ, ಇನ್ಸುಲಿನ್ ಇರುವವರು ಡಾಕ್ಟರಿಗೆ ಹೇಳದೆ ಯಾರ ಚಾರ್ಟನ್ನೂ ಹಿಡಿಯಬೇಡಿ, ನನ್ನದನ್ನಂತೂ ಬೇಡವೇ ಬೇಡ.

ಈಗ ತೂಕ 79, ಎಚ್‌ಬಿಎ1ಸಿ 5.8. ಕುಚ್ಚಲಕ್ಕಿ ಬಿಟ್ಟಿಲ್ಲ, ಒಂದೂವರೆ ಸೌಟಿಗೆ ಬಂದು ನಿಂತಿದೆ. ಅಮ್ಮ ಕೂಡ ರಾಜಿಯಾಗಿದ್ದಾರೆ. ಬಸಳೆ ಪುಂಡಿ (ಬಸಳೆ ಸಾರಿಗೆ ಹಾಕಿದ ಅಕ್ಕಿಯ ಉಂಡೆ) ಮಾಡಿದ ದಿನ ಪುಂಡಿ ಎಣಿಸಿ ಬಡಿಸುತ್ತಾರೆ, ಬಸಳೆ ಎಣಿಸುವುದಿಲ್ಲ.

ಐದರಲ್ಲಿ ಮೂರು ನಕ್ಷತ್ರ. ಚಾರ್ಟಿಗೆ ಒಂದೂವರೆ, ಆ ಫೋನಿಗೆ ಒಂದೂವರೆ. ಆದರೆ ಆ ಹುಡುಗಿ ಜನವರಿಯಲ್ಲಿ ಕೆಲಸ ಬಿಟ್ಟು ಉಡುಪಿಗೆ ಹೋದಳು. ಈಗ ವಾಟ್ಸಾಪಿನಲ್ಲಿ ಉತ್ತರ ಕೊಡುವವರು ಯಾರು ಅಂತ ನನಗೆ ಗೊತ್ತಿಲ್ಲ. ನೀವು ಸೇರುವುದಾದರೆ ಫೀ ಕಟ್ಟುವ ಮೊದಲು ಅದನ್ನೊಂದು ಕೇಳಿಕೊಳ್ಳಿ. ಮತ್ತೆ ಚಾರ್ಟು ಕೈಗೆ ಬಂದಾಗ ಎರಡನೇ ಪುಟದ ಹೆಸರೂ ನೋಡಿ.