ಪಿಟಿಜೆಡ್ ಕ್ಯಾಮೆರಾ: ದಾವಣಗೆರೆಯ ಮಂಟಪಗಳಲ್ಲಿ ಬಳಸಿ ನೋಡಿದ ಮೇಲೆ

ದಾವಣಗೆರೆಯಲ್ಲಿ ಮದುವೆ, ಪ್ರವಚನ, ನಾಟಕಗಳನ್ನು ಲೈವ್ ಮಾಡಿಕೊಡುವ ಕೆಲಸ ನಮ್ಮದು. ಕೆಲವು ವರ್ಷಗಳಿಂದ ಮಾಮೂಲಿ ಕ್ಯಾಮೆರಾಗಳ ಜೊತೆ ಎರಡು ಪಿಟಿಜೆಡ್ ಇಟ್ಟುಕೊಂಡಿದ್ದೇವೆ. ವಿಡಿಯೋ ಮಿಕ್ಸರ್ ಪಕ್ಕ ಕೂತು ಜಾಯ್‌ಸ್ಟಿಕ್‌ನಲ್ಲೇ ತಿರುಗಿಸಬಹುದು (ಪ್ಯಾನ್), ಬಗ್ಗಿಸಬಹುದು (ಟಿಲ್ಟ್), ಜೂಮ್ ಮಾಡಬಹುದು; ಪಿಟಿಜೆಡ್ ಅಂದರೆ ಇದೇ. 20 ಪಟ್ಟು ಜೂಮ್, ಸಣ್ಣ ಸೆನ್ಸರ್. ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಕರೆಂಟೂ ಹೋಗುತ್ತದೆ, ಚಿತ್ರವೂ ಬರುತ್ತದೆ. ಕಂಪನಿ ಹೆಸರು ಬರೆಯುತ್ತಿಲ್ಲ, ಏಕೆಂದರೆ ಇಲ್ಲಿ ಹೇಳುವುದು ಈ ದರ್ಜೆಯ ಬಹುಪಾಲು ಕ್ಯಾಮೆರಾಗಳಿಗೆ ಹೊಂದುತ್ತದೆ.

ಇದರ ನಿಜವಾದ ಬೆಲೆ ಗೊತ್ತಾಗುವುದು ಧಾರೆ ಹೊತ್ತಿಗೆ. ಮೊದಲೆಲ್ಲ ಮಂಟಪದ ಮುಂದೆ ಫೋಟೋದವರು, ವಿಡಿಯೋದವರು ಸಾಲಾಗಿ ನಿಲ್ಲುತ್ತಿದ್ದೆವು. ಮುಂದಿನ ಕುರ್ಚಿಯಲ್ಲಿ ಕೂತ ಅಜ್ಜಿಯಂದಿರು "ಸ್ವಲ್ಪ ಸರ್ಕೊಳ್ರಪ್ಪಾ, ತಾಳಿ ಕಟ್ಟೋದು ಕಾಣವಲ್ದು" ಅನ್ನುತ್ತಿದ್ದರು. ಅವರದ್ದು ನ್ಯಾಯವಾದ ಮಾತು. ಮೊಮ್ಮಗಳ ಮದುವೆ ನೋಡಲು ಬಂದವರು ನಮ್ಮ ಬೆನ್ನು ನೋಡಿಕೊಂಡು ಹೋಗಬೇಕಾ? ಈಗ ಮಂಟಪದ ಪಕ್ಕದ ಕಂಬಕ್ಕೆ, ಎಲ್ಲರ ತಲೆಗಿಂತ ಮೇಲೆ, ಕ್ಲ್ಯಾಂಪ್ ಹಾಕಿ ಒಂದು ಪಿಟಿಜೆಡ್ ಕೂರಿಸುತ್ತೇವೆ. ಅಕ್ಷತೆ ಬೀಳುವಾಗಲೂ ಗಂಟಿನ ಕ್ಲೋಸಪ್ ಸಿಗುತ್ತದೆ, ಅಡ್ಡ ಯಾರೂ ಇರುವುದಿಲ್ಲ.

ಆದರೆ ಆಳಿನ ಖರ್ಚು ಉಳಿಸಲಿಕ್ಕೆ ಇದನ್ನು ತಗೊಳ್ಳಬೇಡಿ. ಮನುಷ್ಯ ನಿಲ್ಲಲಾಗದ ಜಾಗಕ್ಕೆ ಮಾತ್ರ ತಗೊಳ್ಳಿ. ಜಾಯ್‌ಸ್ಟಿಕ್ ಹಿಡಿದವನಿಗೆ ಕ್ಯಾಮೆರಾಮನ್ ಕಣ್ಣು ಇರಲೇಬೇಕು. ಪುರೋಹಿತರು ಯಾವಾಗ ಮಾಂಗಲ್ಯದ ತಟ್ಟೆ ಎತ್ತುತ್ತಾರೆ ಅಂತ ಮೊದಲೇ ಗೊತ್ತಿದ್ದವನಷ್ಟೇ ಆ ಹೊತ್ತಿಗೆ ಸರಿಯಾದ ಫ್ರೇಮ್‌ನಲ್ಲಿ ಇರುತ್ತಾನೆ. ನಮ್ಮಲ್ಲಿ ಭುಜದ ಮೇಲೆ ಕ್ಯಾಮೆರಾ ಹೊತ್ತು ಅನುಭವ ಇರುವ ಹುಡುಗನೇ ಈಗ ಜಾಯ್‌ಸ್ಟಿಕ್ ನೋಡಿಕೊಳ್ಳುತ್ತಾನೆ. ತಾನಾಗಿ ಹಿಂಬಾಲಿಸುವ ಆಟೋ ಟ್ರ್ಯಾಕಿಂಗ್ ಒಬ್ಬರೇ ಮಾತಾಡುವ ಪ್ರವಚನಕ್ಕೆ ಚೆನ್ನಾಗಿದೆ. ಮದುವೆಯಲ್ಲಿ ವಧುವನ್ನು ಬಿಟ್ಟು ಉಡುಗೊರೆ ಕೊಡಲು ಬಂದವರ ಹಿಂದೆ ಹೊರಟುಬಿಡುತ್ತದೆ. ಅಲ್ಲಿ ಆಫ್ ಮಾಡಿಡಿ.

ಕ್ಯಾಮೆರಾಗಿಂತ ಜಾಸ್ತಿ ಕಾಡುವುದು ಕರೆಂಟು. ಮಂಟಪದಲ್ಲಿ ಕರೆಂಟು ಹೋಗಿ ಜನರೇಟರ್ ಹತ್ತುವ ಆ ಗಳಿಗೆಯಲ್ಲಿ ಪಿಟಿಜೆಡ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಆಗ ಸುಮ್ಮನೆ ಇರುವುದಿಲ್ಲ, ಒಂದು ಸುತ್ತು ತಿರುಗಿ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ಮುಹೂರ್ತದ ಹೊತ್ತಿಗೆ ಹೀಗಾದರೆ ಏನು ಮಾಡುತ್ತೀರಿ? ಸಮಾಧಾನ ಏನೆಂದರೆ ಕ್ಯಾಮೆರಾಕ್ಕೆ ಕರೆಂಟು ಸಿಗುವುದು ಪಿಓಇ ಸ್ವಿಚ್‌ನಿಂದ, ಅಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟು ಕಳಿಸುವ ಪೆಟ್ಟಿಗೆಯಿಂದ. ಆ ಸ್ವಿಚ್‌ಗೆ ಒಂದು ಯುಪಿಎಸ್ ಕೊಟ್ಟರೆ ಅದರ ಮೇಲಿರುವ ಎಲ್ಲ ಕ್ಯಾಮೆರಾಗಳೂ ಬಚಾವ್. ಸ್ವಿಚ್ ಕೊಳ್ಳುವಾಗ ಎಷ್ಟು ಪೋರ್ಟ್ ಅಂತ ಮಾತ್ರ ನೋಡಬೇಡಿ, ಒಟ್ಟು ಎಷ್ಟು ವ್ಯಾಟ್ ಕೊಡುತ್ತದೆ ಅಂತ ಕೇಳಿ. ಪಿಓಇ ಪ್ಲಸ್ ಅಂದರೆ ಒಂದು ಪೋರ್ಟ್‌ಗೆ 30 ವ್ಯಾಟ್‌ವರೆಗೆ. ಅಗ್ಗದ ಸ್ವಿಚ್‌ನಲ್ಲಿ ಎಲ್ಲ ಪೋರ್ಟ್ ಸೇರಿ 60 ವ್ಯಾಟ್ ಇದ್ದರೆ ನಾಲ್ಕು ಕ್ಯಾಮೆರಾ ಹೇಗೆ ಓಡಬೇಕು? ಕೇಬಲ್ 100 ಮೀಟರ್ ದಾಟಬಾರದು ಅನ್ನುವುದೂ ನೆನಪಿರಲಿ.

ಎಲ್‌ಇಡಿ ವಾಲ್ ಇದ್ದರೆ ಇನ್ನೊಂದು ಸಮಸ್ಯೆ. ನೆಟ್‌ವರ್ಕ್ ಕೇಬಲ್‌ನಲ್ಲಿ ಚಿತ್ರ ಕಳಿಸುವ ಎನ್‌ಡಿಐ ಎಚ್‌ಎಕ್ಸ್ ಅನ್ನುವ ವಿಧಾನ ಅದನ್ನು ಕುಗ್ಗಿಸಿ ಕಳಿಸುವುದರಿಂದ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ. ಯೂಟ್ಯೂಬ್ ನೋಡುವವರಿಗೆ ಗೊತ್ತಾಗುವುದಿಲ್ಲ. ಸಭಾಂಗಣದಲ್ಲಿ ಕೂತವರಿಗೆ ಮಾತು ಮೊದಲು, ತುಟಿ ಆಮೇಲೆ. ಅದಕ್ಕೇ ವಾಲ್‌ಗೆ ಹೋಗುವ ಕ್ಯಾಮೆರಾಕ್ಕೆ, ಚಿತ್ರವನ್ನು ಕುಗ್ಗಿಸದೆ ನೇರವಾಗಿ ಕಳಿಸುವ ಎಸ್‌ಡಿಐ ಕೇಬಲ್ ಎಳೆಯುತ್ತೇವೆ. ಲೈಟು ಮಿಣುಕಿದರೆ ಕ್ಯಾಮೆರಾ 60 ಹರ್ಟ್ಸ್‌ನಲ್ಲಿದೆಯಾ ನೋಡಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ 25 ಅಥವಾ 50 ಫ್ರೇಮ್, ಶಟರ್ 1/50 ಅಥವಾ 1/100.

ನಾಟಕಕ್ಕೆ ಬಂದರೆ ಸಣ್ಣ ಸೆನ್ಸರ್ ಸೋಲುತ್ತದೆ. ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಂಥ ಬಯಲು ರಂಗಮಂದಿರದಲ್ಲಿ ಒಂದೇ ನೀಲಿ ಲೈಟಿನ ದೃಶ್ಯ ಬಂದಾಗ ಕಪ್ಪೆಲ್ಲ ಕಾಳುಕಾಳಾಗಿ ಕಾಣುತ್ತದೆ. ಗಾಳಿ ಬೇರೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸುಮ್ನೆ ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನ್ ನಿಲ್ಲಿಸಿಲ್ಲ ಅಲ್ವಾ? ಎತ್ತರದ ಸ್ಟ್ಯಾಂಡ್‌ಗೆ ಮರಳಿನ ಚೀಲ ಕಟ್ಟದಿದ್ದರೆ ಪೂರ್ತಿ ಜೂಮ್‌ನಲ್ಲಿ ಚಿತ್ರ ನಡುಗುತ್ತದೆ.

ಇಂಥ ಕೆಲಸಕ್ಕೆ ಬೆಂಗಳೂರಿನಿಂದ ಬಾಡಿಗೆಗೆ ಸೋನಿ ಎಫ್‌ಆರ್7 ತರಿಸಿದ್ದುಂಟು. 2022ರಲ್ಲಿ ಬಂದ ಈ ಕ್ಯಾಮೆರಾದಲ್ಲಿ ದೊಡ್ಡ ಫುಲ್ ಫ್ರೇಮ್ ಸೆನ್ಸರ್ ಇದೆ, ಲೆನ್ಸ್ ಬದಲಿಸಬಹುದು, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಒಳಗೇ ಇದೆ. ದೀಪದ ಬೆಳಕಿನಲ್ಲಿ ನಟರ ಮುಖದ ಬಣ್ಣ ಬಂದ ರೀತಿ ನೋಡಿ ನನಗೆ ಮನಸ್ಸು ತುಂಬಿತು. ಹಿಂದಿನ ಪರದೆ ಮಸುಕಾಗಿ ಮುಖ ಮಾತ್ರ ಎದ್ದು ಬರುತ್ತದೆ, ಸಿನಿಮಾದಲ್ಲಿ ಕಂಡ ಹಾಗೆ. ದೂರದಿಂದ ಜೂಮ್ ಮಾಡಬೇಕೆಂದರೆ ಮೋಟಾರಿನಿಂದ ಓಡುವ ಪವರ್ ಜೂಮ್ ಲೆನ್ಸ್ ಬೇಕು, ಬಾಡಿಗೆಗೆ ಹೇಳುವಾಗಲೇ ಅದನ್ನೂ ಕೇಳಿ. ಕೊಂಡುಕೊಳ್ಳುವ ಮಾತು ನಮ್ಮ ಊರಿನ ಮದುವೆ ರೇಟಿಗೆ ಸದ್ಯಕ್ಕೆ ಹೊಂದುವುದಿಲ್ಲ.

ಹೊಸದಾಗಿ ತಗೊಳ್ಳುವವರು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಜೂಮ್ ಪೂರ್ತಿ ಒಳಗೆ ಹೋಗಿ, ಆದಷ್ಟು ನಿಧಾನವಾಗಿ ಪ್ಯಾನ್ ಮಾಡಿ. ಹೊರಡುವಾಗ ಅಥವಾ ನಿಲ್ಲುವಾಗ ಚಿತ್ರ ಜಗ್ಗಿದರೆ ಅದನ್ನು ಬಿಟ್ಟು ಬೇರೆ ಮಾಡೆಲ್ ತೋರಿಸಲು ಹೇಳಿ.