ಗಲ್ಲಿ ಕೆಲಸಕ್ಕೆ ಸೆಕೆಂಡ್ ಹ್ಯಾಂಡ್ ಟಿಪ್ಪರ್: 407, ಏಸ್, ದೋಸ್ತ್

ನನ್ನ ಓಟು ಟಾಟಾ 407 ಟಿಪ್ಪರ್‌ಗೆ, ಮೊದಲೇ ಹೇಳಿಬಿಡುತ್ತೇನೆ. 10–12 ಅಡಿ ಗಲ್ಲಿಗೆ ರಿವರ್ಸ್‌ನಲ್ಲಿ ಹೋಗಿ ಎಂ-ಸ್ಯಾಂಡ್, ಜಲ್ಲಿ ಸುರಿಯುವುದು, ಬರುವಾಗ ಒಡೆದ ಗೋಡೆಯ ಇಟ್ಟಿಗೆ-ಮಣ್ಣು ತುಂಬಿಕೊಂಡು ಬರುವುದು ನನ್ನ ಕೆಲಸ. ಬಜೆಟ್ 5 ಲಕ್ಷದೊಳಗೆ. ನಿಮ್ಮ ಕೆಲಸ ಬೇರೆಯಿದ್ದರೆ ಲೆಕ್ಕವೂ ಬೇರೆ.

ಅಗಲದಲ್ಲಿ ಟಾಟಾ ಏಸ್‌ಗೆ ಎದುರಿಲ್ಲ, ಸುಮಾರು ಐದೇ ಅಡಿ. ಅಶೋಕ್ ಲೇಲ್ಯಾಂಡ್ ದೋಸ್ತ್ ಅದಕ್ಕಿಂತ ತುಸು ದಪ್ಪ. 407 ಆರಡಿ ದಾಟುತ್ತದೆ, ಕೆಲವು ಕಡೆ ಕನ್ನಡಿ ಮಡಚಿಯೇ ನುಗ್ಗಬೇಕು. ಆದರೆ ಒಂದು ಯೂನಿಟ್, ಅಂದರೆ 100 ಸಿಎಫ್‌ಟಿ (ಘನ ಅಡಿ) ಎಂ-ಸ್ಯಾಂಡ್ ನಾಲ್ಕೂವರೆ ಟನ್‌ಗೆ ಕಡಿಮೆ ತೂಗುವುದಿಲ್ಲ, ನೆನೆದರೆ ಇನ್ನೂ ಜಾಸ್ತಿ. 407ರಲ್ಲಿ ಅರ್ಧ ಯೂನಿಟ್ ಆಸುಪಾಸು ಬರುತ್ತದೆ. ಹಳೆಯ ಏಸ್‌ನ ಮುಕ್ಕಾಲು ಟನ್‌ನಲ್ಲಿ ಬಾಡಿ ಎತ್ತುವ ಜಾಕ್, ಬಾಡಿ ಕೆಳಗಿನ ಸಬ್‌ಫ್ರೇಮ್ ತೂಕ ಕಳೆದರೆ ಹತ್ತು ಹನ್ನೆರಡು ಸಿಎಫ್‌ಟಿ ಉಳಿದೀತು. ಅದನ್ನೇ ಮೂರು ಪಟ್ಟು ತುಂಬಿ ಓಡಿಸಿದ ಗಾಡಿಗಳೇ ಮಾರಾಟಕ್ಕೆ ಹೆಚ್ಚಾಗಿ ನಿಂತಿರುತ್ತವೆ. ಹಿಂದಿನ ಸ್ಪ್ರಿಂಗ್‌ಗೆ ಎಕ್ಸ್‌ಟ್ರಾ ಪ್ಲೇಟ್ ಹಾಕಿದ್ದು ಕಂಡರೆ ಅಲ್ಲೇ ಬಿಡಿ.

ಇನ್ನು ನಿಜವಾದ ತಲೆನೋವು, ಎಲೆಕ್ಟ್ರಿಕ್ ಪವರ್ ಪ್ಯಾಕ್, ಅಂದರೆ ಬ್ಯಾಟರಿಯಿಂದ ಓಡಿ ಬಾಡಿ ಎತ್ತುವ ಮೋಟರ್ ಪಂಪ್. 407 ಟಿಪ್ಪರ್‌ನಲ್ಲಿ ಗೇರ್‌ಬಾಕ್ಸ್‌ನ ಪಕ್ಕ ಪಿಟಿಒ (ಎಂಜಿನ್ ಶಕ್ತಿಯನ್ನು ಹೊರಗೆ ಕೊಡುವ ಗೇರ್ ಜೋಡಣೆ) ಕೂತು ಹೈಡ್ರಾಲಿಕ್ ಪಂಪ್ ತಿರುಗಿಸುತ್ತದೆ. ಬಾಡಿ ಎತ್ತುವುದು ಎಂಜಿನ್‌ನ ಶಕ್ತಿ. ಗಾಡಿ ಕೊಂಡ ಮೇಲೆ ಟಿಪ್ಪರ್ ಕಟ್ಟಿಸಿದ ಏಸ್, ದೋಸ್ತ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್ ಮೋಟರ್ ಪಂಪ್ ಇರುತ್ತದೆ. ಲೋಡ್ ಎತ್ತುವಾಗ ಅದು 100 ಆಂಪ್ಸ್ ಮೀರಿ ಎಳೆಯುತ್ತದೆ, ಆಲ್ಟರ್ನೇಟರ್‌ಗೆ ಅಷ್ಟು ಕೊಡುವ ತಾಕತ್ತಿಲ್ಲ. ಉಳಿದದ್ದೆಲ್ಲ ಬ್ಯಾಟರಿಯ ತಲೆಗೆ. ಒಣ ಜಲ್ಲಿ ಜಾರಿಬಿಡುತ್ತದೆ, ತೊಂದರೆಯಿಲ್ಲ. ನೆನೆದ ಮಣ್ಣು ಬಾಡಿಗೆ ಅಂಟಿದರೆ ಅರ್ಧಕ್ಕೆ ಎದ್ದು ನಿಲ್ಲುತ್ತದೆ. ಮತ್ತೆ ಮತ್ತೆ ಬಟನ್ ಒತ್ತಿದರೆ ಮೋಟರ್ ಬಿಸಿಯಾಗುತ್ತದೆ, ಮೋಟರ್‌ಗೆ ಕರೆಂಟ್ ಬಿಡುವ ಸ್ವಿಚ್ (ಕಾಂಟ್ಯಾಕ್ಟರ್) ಅಂಟಿಕೊಳ್ಳುತ್ತದೆ, ಬ್ಯಾಟರಿ ಕೈಕೊಡುತ್ತದೆ. ಅಷ್ಟರಲ್ಲಿ ಎಂಜಿನ್ ಆಫ್ ಆಗಿದ್ದರೆ ಸ್ಟಾರ್ಟೂ ಆಗುವುದಿಲ್ಲ, ಹಿಂದೆ ಗಲ್ಲಿ ಪೂರ್ತಿ ಜಾಮ್.

ಎಷ್ಟೋ ಸಲ ದೋಷ ಪಂಪ್‌ನದ್ದಲ್ಲ, ವೈರಿಂಗ್‌ನದ್ದು. ತೆಳು ಕೇಬಲ್ ಎಳೆದು, ಅರ್ತ್ ಅನ್ನು ತುಕ್ಕು ಹಿಡಿದ ಚಾಸಿಸ್ ಬೋಲ್ಟ್‌ಗೆ ಬಿಗಿದಿರುತ್ತಾರೆ. ಗಾಡಿ ನೋಡಲು ಹೋಗುವಾಗ ಮಲ್ಟಿಮೀಟರ್ ಜೇಬಿನಲ್ಲಿರಲಿ. ಲೋಡ್ ಎತ್ತುತ್ತಿರುವಾಗಲೇ ಮೋಟರ್ ಟರ್ಮಿನಲ್‌ನಲ್ಲಿ ಅಳೆಯಿರಿ; 10 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಅದೇ ಹೊತ್ತಿಗೆ ಬ್ಯಾಟರಿ ಮೇಲೂ ಅಳೆಯಿರಿ. ಬ್ಯಾಟರಿಯಲ್ಲಿ ಚೆನ್ನಾಗಿದ್ದು ಮೋಟರ್‌ನಲ್ಲಿ ಕಡಿಮೆಯಿದ್ದರೆ ಕೇಬಲ್ ಅಥವಾ ಅರ್ತ್. ಕನಿಷ್ಠ 35 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿ, ಬ್ಯಾಟರಿ ನೆಗೆಟಿವ್‌ನಿಂದ ನೇರ ಅರ್ತ್ ಎಳೆದರೆ ಬಹುಪಾಲು ಸರಿಹೋಗುತ್ತದೆ. ಬಿಡುವು ಕೊಡದೆ ಓಡಿಸಿದರೆ ಬಿಸಿಯಾಗುವ ಗುಣ ಮಾತ್ರ ಉಳಿಯುತ್ತದೆ.

ಇಂಥ ಗಾಡಿಗೆ ಇನ್ನೊಂದು ಗಂಡಾಂತರ ಆರ್‌ಸಿಯದ್ದು (ನೋಂದಣಿ ಪತ್ರ). ಬಾಡಿ ಟೈಪ್‌ನಲ್ಲಿ ಟಿಪ್ಪರ್ ಅಂತ ಇರಬೇಕು. ಓಪನ್ ಬಾಡಿ ಅಂತಿದ್ದು ಕೆಳಗೆ ಜಾಕ್ ಇದ್ದರೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋದಾಗ ತಕರಾರು, ಅಪಘಾತವಾದರೆ ಇನ್ಶೂರೆನ್ಸ್‌ನವರಿಂದಲೂ ತಕರಾರು. 8 ವರ್ಷ ದಾಟಿದ ಗಾಡಿಗೆ ಎಫ್‌ಸಿ ಪ್ರತಿ ವರ್ಷ, ಅದೂ ನೆನಪಿರಲಿ.

ಕಾಗದಪತ್ರದಲ್ಲಿ ಚಿಕ್ಕ ಗಾಡಿಗೂ ಒಂದು ಲಾಭವಿದೆ: ಒಟ್ಟು ತೂಕ 3000 ಕೆಜಿ ಮೀರದಿದ್ದರೆ ಗೂಡ್ಸ್ ಪರ್ಮಿಟ್ ಬೇಡ. 407ಗೆ ಬೇಕು. ಲೈಸೆನ್ಸ್ ಚಿಂತೆಯಿಲ್ಲ, 7500 ಕೆಜಿವರೆಗೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಸಾಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

407 ಅಂದಮಾತ್ರಕ್ಕೆ ಕಣ್ಣು ಮುಚ್ಚಿ ಕೊಳ್ಳುವುದಲ್ಲ. ಗೇರ್‌ಬಾಕ್ಸ್‌ನ ಲೆವೆಲ್ ಪ್ಲಗ್ ಬಿಚ್ಚಿಸಿ. ಎಣ್ಣೆ ತೆಳ್ಳಗೆ ಧಾರೆಯಾಗಿ ಸುರಿದರೆ ಪಂಪ್ ಶಾಫ್ಟ್ ಸೀಲ್ ಹೋಗಿ ಹೈಡ್ರಾಲಿಕ್ ಆಯಿಲ್ ಗೇರ್‌ಬಾಕ್ಸ್‌ಗೆ ಇಳಿದಿದೆ ಎಂದರ್ಥ. ಸೀಲ್ ಅಗ್ಗ, ತೆಳುವಾದ ಎಣ್ಣೆಯಲ್ಲಿ ಓಡಿದ ಗೇರ್, ಬೇರಿಂಗ್ ಅಗ್ಗವಲ್ಲ. ಆಮೇಲೆ ಲೋಡ್ ಸಮೇತ ಬಾಡಿಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ ಹತ್ತು ನಿಮಿಷ ಕಾಯಿರಿ. ಇಳಿಯುತ್ತಿದ್ದು ಜಾಕ್‌ನಲ್ಲಿ ಎಣ್ಣೆ ಒಸರಿದ್ದರೆ ಸೀಲ್ ಕಿಟ್ ಬದಲಿಸಬೇಕು. ಹೊರಗೆಲ್ಲ ಒಣಗಿದ್ದರೆ ಮೊದಲ ಅನುಮಾನ ಕಂಟ್ರೋಲ್ ವಾಲ್ವ್ ಮೇಲೆ. ಬಾಡಿ ಎದ್ದಿರುವಾಗ ಯಾರೂ ಕೆಳಗೆ ಹೋಗಬಾರದು. ಕೆಳಗಿನ ತಪಾಸಣೆ ಖಾಲಿ ಬಾಡಿಗೆ ಗಟ್ಟಿ ಆಸರೆ ಕೊಟ್ಟ ನಂತರವೇ: ಹಿಂಜ್ ಪಿನ್ ಸವೆತ, ಸಬ್‌ಫ್ರೇಮ್ ಬಿರುಕು, ವೆಲ್ಡಿಂಗ್ ಮೇಲೆ ಹೊಸ ಬಣ್ಣ.

ಸುರಿಯುವ ಜಾಗವನ್ನೂ ಅಳೆಯಬೇಕು. 8 ಅಡಿ ಬಾಡಿ 45 ಡಿಗ್ರಿ ಎದ್ದರೆ ಮುಂದಿನ ಅಂಚು ನೆಲದಿಂದ ಹತ್ತಡಿ ದಾಟಿ ಹೋಗಬಹುದು. ಕರೆಂಟ್ ವೈರ್, ಬಾಲ್ಕನಿ ನೋಡಿಕೊಳ್ಳಿ. ಚರಂಡಿ ಚಪ್ಪಡಿ ಮೇಲೆ ಹಿಂದಿನ ಚಕ್ರ ನಿಲ್ಲಿಸಿ ಎತ್ತಲೇಬೇಡಿ, ಅರ್ಧ ಎದ್ದಾಗ ಭಾರವೆಲ್ಲ ಹಿಂದಕ್ಕೆ ಬರುತ್ತದೆ.

ಟ್ರ್ಯಾಕ್ಟರ್-ಟ್ರೇಲರ್ ಹಳ್ಳಿಗೆ ಸರಿ, ಗಲ್ಲಿಯಲ್ಲಿ ನಾಲ್ಕು ಚಕ್ರದ ಟ್ರೇಲರ್ ರಿವರ್ಸ್ ತೆಗೆಯುವುದು ಶಿಕ್ಷೆ.

ಗೊಬ್ಬರ, ತೆಂಗಿನ ಸಿಪ್ಪೆ, ತೋಟದ ಕಸದಂಥ ಹಗುರ ಮಾಲು ಮಾತ್ರ ಇದ್ದರೆ ಏಸ್ ಕೊಳ್ಳಿ, ಡೀಸೆಲ್ ಉಳಿಯುತ್ತದೆ. ಹಗುರಕ್ಕೂ ಭಾರಕ್ಕೂ ನಡುವೆ ಇರುವವರಿಗೆ ದೋಸ್ತ್, ಆದರೆ ಆರ್‌ಸಿಯಲ್ಲಿ ಟಿಪ್ಪರ್ ಅಂತಿದ್ದರೆ ಮಾತ್ರ. ಬಿಎಸ್6 ಗಾಡಿ ನೋಡುವವರು ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದೆಯೇ ಕೇಳಿ. ಬರೀ ಎರಡು ಮೂರು ಕಿಲೋಮೀಟರ್ ಓಟದಲ್ಲಿ ಅದು ಮಸಿ ಕಟ್ಟಿಕೊಳ್ಳುತ್ತದೆ.