ಲ್ಯಾಮಿನೇಟ್ ಮಾಡಿದ ಪಟ್ಟಿಯೋ, 2 ರೂಪಾಯಿಯ ಹಾಳೆಯೋ?

ಕಳೆದ ಮಳೆಗಾಲದಲ್ಲಿ ಧಾರವಾಡದ ನಮ್ಮ ಮನೆಯಲ್ಲಿ ಎರಡು ತೊಂದರೆ ಒಟ್ಟಿಗೇ ಶುರುವಾದವು. ಬೆಳಗಿನ ಗಡಿಬಿಡಿಯಲ್ಲಿ ಯಾರ ಕೆಲಸ ಯಾವುದು ಅಂತ ಯಾರಿಗೂ ನೆನಪಿರುತ್ತಿರಲಿಲ್ಲ. ಸಂಜೆಯಾದರೆ ಜಿಟಿಜಿಟಿ ಮಳೆ, ಮಕ್ಕಳು ಹೊರಗೆ ಹೋಗುವ ಹಾಗಿಲ್ಲ, ಕೈಯಲ್ಲಿ ಮೊಬೈಲ್. ಮಗನಿಗೆ 7 ವರ್ಷ, ಮಗಳಿಗೆ 4. ಪ್ರಿಂಟ್ ಹಾಕಿಸಿ ಮನೆಯಲ್ಲೇ ಏನಾದರೂ ಮಾಡೋಣ ಅಂತ ಹೊರಟೆ. ನಾಲ್ಕು ತಿಂಗಳು ಒಂದೊಂದನ್ನೂ ಎರಡು ರೀತಿ ಮಾಡಿ ನೋಡಿದ್ದೇನೆ.

ಮೊದಲು ಫ್ರಿಜ್ ಮೇಲಿನ ವಾರದ ಪಟ್ಟಿ. ಒಂದು ಕಲರ್ ಪ್ರಿಂಟ್ ತೆಗೆಸಿ ಲ್ಯಾಮಿನೇಶನ್ ಮಾಡಿಸಿದೆ. ಬರೆದು ಒರೆಸಲು ವೈಟ್‌ಬೋರ್ಡ್ ಮಾರ್ಕರ್ ತಂದೆ. ಎಲ್ಲಾ ಸೇರಿ 70 ರೂಪಾಯಿ. ನೋಡಲು ಬಹಳ ಚೆಂದ ಇತ್ತು. ಆದರೆ ನಮ್ಮ ಓಣಿಗೆ ನೀರು ದಿನಾ ಬರುವುದಿಲ್ಲ. ಬರುವ ದಿನ ಗೊತ್ತಿದೆ ಅಂತ ನಾನು ಸೋಮವಾರ, ಶುಕ್ರವಾರದ ಚೌಕದಲ್ಲಿ ಕೊಡದ ಚಿತ್ರ ಹಾಕಿಸಿಬಿಟ್ಟಿದ್ದೆ. ಎರಡನೇ ವಾರಕ್ಕೇ ದಿನ ಬದಲಾಯಿತು. ಅತ್ತೆಯವರು ಪಟ್ಟಿಯನ್ನೇ ನಂಬಿ ಕೂತಿದ್ದರು, ಡ್ರಮ್ ತೊಳೆದಿಡಲಿಲ್ಲ. ಆ ವಾರ ಪಕ್ಕದ ಮನೆಯಿಂದ ನೀರು ತಂದೆವು.

ಇನ್ನೊಂದು ತೊಂದರೆ ಮಾರ್ಕರ್‌ನದು. ಬರೆದ ಎರಡು ದಿನದೊಳಗೆ ಒರೆಸಿದರೆ ಬಟ್ಟೆಗೇ ಬರುತ್ತದೆ. ವಾರ ಬಿಟ್ಟರೆ ಗಟ್ಟಿಯಾಗಿ ಕೂರುತ್ತದೆ. ಹ್ಯಾಂಡ್ ಸ್ಯಾನಿಟೈಸರ್ ಹಚ್ಚಿ ಒರೆಸಿದರೆ ಹೋಗುತ್ತದೆ, ಅದರಲ್ಲಿರುವ ಆಲ್ಕೋಹಾಲ್ ಬಣ್ಣವನ್ನು ಬಿಡಿಸುತ್ತದೆ. ಆದರೆ ಪ್ರತಿ ವಾರ ಯಾರು ಇದನ್ನು ಮಾಡುತ್ತಾರೆ?

ಆಮೇಲೆ ಸಾದಾ ಕಪ್ಪು-ಬಿಳುಪು ಹಾಳೆಗೆ ಬಂದೆ. ವಾರಕ್ಕೊಂದು, 2 ರೂಪಾಯಿ. ವಾರಗಳ ಹೆಸರು, ನಮ್ಮ ನಾಲ್ವರ ಮತ್ತು ಅತ್ತೆಯವರ ಹೆಸರು, ಅಷ್ಟೇ ಪ್ರಿಂಟ್. ಉಳಿದದ್ದೆಲ್ಲ ಖಾಲಿ ಚೌಕ. ಭಾನುವಾರ ರಾತ್ರಿ ಊಟ ಆದಮೇಲೆ ಪೆನ್ಸಿಲ್‌ನಲ್ಲಿ ತುಂಬುತ್ತೇವೆ. ಈಗ ಮಗನೇ ಹಾಳೆ ಹಿಡಿದುಕೊಂಡು ಬಂದು ಕೇಳುತ್ತಾನೆ, "ಮಮ್ಮಿ, ಈ ವಾರ ನೀರು ಯಾವತ್ತು ಬರತಾವು?" ಮಗಳಿಗೆ ಓದಲು ಬರುವುದಿಲ್ಲ, ಅವಳ ಚೌಕದಲ್ಲಿ ಅವಳೇ ಚಿತ್ರ ಬರೆಯುತ್ತಾಳೆ.

ನಾನು ಎಣಿಸದೇ ಇದ್ದ ಲಾಭವೊಂದು ಸಿಕ್ಕಿತು. ಹಳೆಯ ಹಾಳೆಗಳನ್ನು ಫೈಲಿಗೆ ಹಾಕುತ್ತಾ ಬಂದೆ. ಗ್ಯಾಸ್ ಸಿಲಿಂಡರ್ ಯಾವಾಗ ಹಚ್ಚಿದೆವು, ಮಗಳಿಗೆ ಜ್ವರ ಎಷ್ಟು ದಿನ ಇತ್ತು, ಎಲ್ಲಾ ಅದರಲ್ಲೇ ಇದೆ. ಒರೆಸುವ ಪಟ್ಟಿಯಲ್ಲಿ ಇದು ಯಾವುದೂ ಉಳಿಯುವುದಿಲ್ಲ, ಅಲ್ವಾ? ವಾರದ ಪಟ್ಟಿಗೆ ನನ್ನ ಮತ ಸಾದಾ ಹಾಳೆಗೇ.

ಹಾಗಂತ ಲ್ಯಾಮಿನೇಶನ್ ಬೇಡವೇ ಬೇಡ ಅಂತಲ್ಲ. ಬದಲಾಗದ ಕೆಲಸಕ್ಕೆ ಅದೇ ಸರಿ. ಮಗಳ ಬೆಳಗಿನ ಐದು ಕೆಲಸಗಳ ಚಿತ್ರಪಟ್ಟಿ ಮಾಡಿ ಬಚ್ಚಲಮನೆಯ ಬಾಗಿಲಿಗೆ ತೂಗುಹಾಕಿದ್ದೇನೆ: ಹಲ್ಲುಜ್ಜುವುದು, ಸ್ನಾನ, ಬಟ್ಟೆ, ನಾಷ್ಟಾ, ಬೂಟು. ಪ್ರತಿ ಚಿತ್ರದ ಎಡ ಅಂಚಿಗೆ ಒಂದು ಬಟ್ಟೆ ಕ್ಲಿಪ್. ಕೆಲಸ ಆದರೆ ಕ್ಲಿಪ್ ಬಲ ಅಂಚಿಗೆ. ಅವಳ ಪುಟ್ಟ ಬೆರಳಿಗೆ ಕ್ಲಿಪ್ ಒತ್ತಲು ಮೊದಲು ಕಷ್ಟವಾಯಿತು. ಎರಡೂ ಕೈ ಹಾಕಿ, ತುಟಿ ಕಚ್ಚಿ ಒತ್ತುತ್ತಿದ್ದಳು. ಈಗ ಐದೂ ಕ್ಲಿಪ್ ಬಲಕ್ಕೆ ಬರುವವರೆಗೆ ಮನೆಯಿಂದ ಹೊರಡುವುದಿಲ್ಲ. ಒಂದು ಮಾತು: ಲ್ಯಾಮಿನೇಶನ್‌ನ ಮೂಲೆಗಳು ಚೂಪಾಗಿರುತ್ತವೆ. ಕತ್ತರಿಯಿಂದ ದುಂಡಗೆ ಮಾಡಿಯೇ ಮಕ್ಕಳ ಕೈಗೆ ಕೊಡಿ.

ಪ್ರಿಂಟ್ ಎಲ್ಲಿ? ತಮ್ಮನ ಮನೆಯ ಇಂಕ್ ಪ್ರಿಂಟರ್‌ನಲ್ಲಿ ಬಣ್ಣ ಚೆಂದ ಬರುತ್ತದೆ. ಆದರೆ ಅದರ ಇಂಕು ನೀರಿನದು, ಒದ್ದೆ ಕೈ ತಗುಲಿದರೆ ಹರಡಿತು. ಝೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟ್‌ನಲ್ಲಿ ಟೋನರ್ ಪುಡಿ ಬಿಸಿಗೆ ಕರಗಿ ಹಾಳೆಗೆ ಅಂಟಿಕೊಂಡಿರುತ್ತದೆ, ನೀರು ಬಿದ್ದರೂ ಅಕ್ಷರ ಹಾಗೇ ಇರುತ್ತದೆ. ಅಡುಗೆಮನೆಗೆ ಅಂಗಡಿ ಪ್ರಿಂಟೇ ವಾಸಿ. ಅಲ್ಲಿಗೆ ನಾನು ಮೊದಲು ವರ್ಡ್ ಫೈಲ್ ಕಳಿಸಿದ್ದೆ. "ಅಕ್ಕಾರ, ಪಿಡಿಎಫ್ ಮಾಡಿ ಕಳಸ್ರಿ, ಒತ್ತಕ್ಷರ ಎಲ್ಲಾ ಒಡದಾವ" ಅಂದರು. ಅವರ ಕಂಪ್ಯೂಟರಿನಲ್ಲಿ ನನ್ನ ಫಾಂಟ್ ಇರಲಿಲ್ಲ. ಪಿಡಿಎಫ್ ಮಾಡಿದರೆ ಫಾಂಟ್ ಫೈಲಿನ ಜೊತೆಗೇ ಹೋಗುತ್ತದೆ.

ಇನ್ನು ಮಕ್ಕಳ ಆಟಗಳು. ಬಣ್ಣ ತುಂಬುವ ಚಿತ್ರಗಳು ಸುಲಭ, ಆದರೆ ನಮ್ಮಲ್ಲಿ ಹಾಳೆಗೆ ಹತ್ತು ನಿಮಿಷ. ಆಮೇಲೆ ಮತ್ತೆ "ಬ್ಯಾರೇದು ಕೊಡು".

ಜೋಡಿ ಹುಡುಕುವ ಕಾರ್ಡುಗಳು ಇದಕ್ಕಿಂತ ಮೇಲು. ನಮ್ಮ ಕಡೆಯ ಹತ್ತು ಚಿತ್ರ ಆರಿಸಿದೆ: ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು, ಪೇಢೆ, ಬ್ಯಾಡಗಿ ಮೆಣಸಿನಕಾಯಿ, ಬಂಕಾಪುರದ ನವಿಲು, ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು, ಹೀಗೆ. ಎರಡೆರಡು ಪ್ರತಿ, 20 ಕಾರ್ಡು. ಸಾದಾ ಹಾಳೆಯಲ್ಲಿ ಮಾಡಿದಾಗ ಬೋರಲು ಹಾಕಿದರೂ ಚಿತ್ರ ಹಿಂದಿನಿಂದ ಕಾಣಿಸುತ್ತಿತ್ತು, ಮಗ ಎಲ್ಲವನ್ನೂ ಗೆದ್ದ. ಹಳೆಯ ಲಗ್ನಪತ್ರಿಕೆಗಳ ಮೇಲೆ ಅಂಟಿಸಿದೆ. ಗಟ್ಟಿಯಾದವು, ಆದರೆ ಹಿಂಬದಿಯ ಬಣ್ಣ ನೋಡಿಯೇ ಗುರುತು ಹಿಡಿದರು! ಕೊನೆಗೆ ಹಿಂದೆ ಪುಸ್ತಕಕ್ಕೆ ಹಾಕುವ ಖಾಕಿ ರಟ್ಟುಕಾಗದ ಅಂಟಿಸಿದ ಮೇಲೆ ಸರಿಹೋಯಿತು. ದಪ್ಪ ಹಾಳೆಯ ಪ್ರಿಂಟ್ ಕೂಡ ತೆಗೆಸಿದೆ. ಖರ್ಚು ಜಾಸ್ತಿ, ಮೂಲೆ ಬೇಗ ಮಡಚಿತು. ಲಗ್ನಪತ್ರಿಕೆ ಕಾರ್ಡುಗಳು ಇನ್ನೂ ಗಟ್ಟಿಮುಟ್ಟಾಗಿವೆ.

ಹಾವು-ಏಣಿಯಲ್ಲಿ 100 ಮನೆಯ ಪಟವನ್ನು ಎ4 ಹಾಳೆಯಲ್ಲಿ ಹಾಕಿಸಿದರೆ ಒಂದು ಮನೆ 2 ಸೆಂಟಿಮೀಟರ್ ಕೂಡ ಬರುವುದಿಲ್ಲ. ಮಗಳ ಕೈ ತಾಗಿ ಕಾಯಿಗಳೆಲ್ಲ ಜರುಗಿ ಜಗಳ. 36 ಮನೆಯ ಖಾಲಿ ಪಟ ಮಾಡಿಕೊಟ್ಟೆ, ಹಾವು, ಏಣಿ ಅವರೇ ಬರೆಯಲಿ ಅಂತ. ಮಗ ಒಂದು ಮನೆಯಲ್ಲಿ "ಚಿಗರಿ ಸಿಕ್ತು, 4 ಮನಿ ಮುಂದ" ಅಂತ ಬರೆದ. ಹಾವಿನ ಬಾಯಲ್ಲಿ "ಟಿಫಿನ್ ಡಬ್ಬಿ ಮರತಿ" ಅಂತ ಬರೆದ. ಅಂಗಡಿಯಿಂದ ತಂದ ಬಣ್ಣದ ಪಟ ಕಪಾಟಿನಲ್ಲೇ ಇದೆ.

ಎಲ್ಲಕ್ಕಿಂತ ಹೆಚ್ಚು ನಡೆದದ್ದು ಚೌಕಾಬಾರ. ಐದಕ್ಕೆ ಐದು, 25 ಮನೆ. ನಾಲ್ಕು ಬದಿಯ ನಡುವಿನ ಮನೆಗೂ ಮಧ್ಯದ ಮನೆಗೂ ಕಾಟು ಹಾಕಿದರೆ ಪಟ ಸಿದ್ಧ. ಎ4ನಲ್ಲಿ ಒಂದೇ ಮನೆಯಲ್ಲಿ ಮೂರು ಕಾಯಿ ಸೇರಿದರೆ ಜಾಗ ಸಾಲದು, ಎ3 ಹಾಕಿಸಿ. ಕವಡೆ ಬದಲು ಅತ್ತೆಯವರು, ಅಂದರೆ ಮಕ್ಕಳ ಆಯಿ, ಹುಣಸೆ ಬೀಜ ತಂದರು. ಹಿತ್ತಲಿನ ಕಲ್ಲಿಗೆ ಒಂದು ಬದಿ ಉಜ್ಜಿ ಉಜ್ಜಿ ಬಿಳಿ ಮಾಡುವುದನ್ನು ಮಗಳು ಕುಕ್ಕರಗಾಲಲ್ಲಿ ಕೂತು ನೋಡಿದಳು, ಕೊನೆಯ ಬೀಜ ತಾನೇ ಉಜ್ಜಿದಳು. ನಾಲ್ಕು ಬಿಳಿ ಬಿದ್ದರೆ ನಾಲ್ಕು, ಒಂದೂ ಬೀಳದಿದ್ದರೆ ಎಂಟು. ನಾಲ್ಕರವರೆಗೆ ಎಣಿಸುವುದು ಅವಳಿಗೆ ಬಂದದ್ದು ಹೀಗೆ.

ಈ ವಾರದ ಹಾಳೆಯಲ್ಲಿ ಭಾನುವಾರದ ಚೌಕವನ್ನು ನಾನು ತುಂಬಲಿಲ್ಲ. ಮಗ ಆಗಲೇ ಬರೆದಿಟ್ಟಿದ್ದ: "ಆಯಿ ಜೋಡಿ ಚೌಕಾಬಾರ."